ಕೇಳಿದರೆ ಹೇಳುವ ಪೆಟ್ಟಿಗೆ

ಈಚೆಗೆ ನನಗೊಂದು ಚಾಳಿ ಅಂಟಿಕೊಂಡಿದೆ. ಯಾವ ಯಂತ್ರ ಕಂಡರೂ ಅದರ ಒಳಗೆ ಎಷ್ಟು ಜಾಗ ಕೆಟ್ಟಿದೆ ಎಂದು ಕೇಳಬೇಕೆನಿಸುತ್ತದೆ. ಆನವಟ್ಟಿ ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಮಷಿನ್ನನ್ನು ತೊಡೆಗೆ ಬಡಿದು ಬಡಿದು ಬೈಯುವಾಗ, "ತಮ್ಮಾ, ಬಡೀಬೇಡ. ಅದ್ರ ಮೀಸಲು ಎಷ್ಟು ಉಳಿದಿದೆ ಅಂತ ಮೊದ್ಲು ಅದನ್ನೇ ಕೇಳು" ಎನ್ನುವ ಮಾತು ನಾಲಿಗೆ ತುದಿಯವರೆಗೆ ಬಂದು ನಿಲ್ಲುತ್ತದೆ. ಇನ್ನೂ ಹೇಳಿಲ್ಲ. ಹೇಳಿದರೆ ಅರ್ಧ ಟಿಕೆಟ್ಟಿನ ಮುದುಕಿಗೆ ಪೂರ್ತಿ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ನಾನು ಓದಿದವಳಲ್ಲ. ಮೂರನೇ ಕ್ಲಾಸು ಮುಗಿಯುವ ಮೊದಲೇ ಎಮ್ಮೆ ಕಾಯಲು ಹೋದೆ. ಎಮ್ಮೆಗಳಿಗೆ ಅದರಿಂದ ಅನುಕೂಲವಾಯಿತು, ಶಾಲೆಗೇನೂ ನಷ್ಟವಾಗಲಿಲ್ಲ. ಮೊಮ್ಮಗಳು ಈಗ ನಾಲ್ಕನೇ ಕ್ಲಾಸು. ಶಾಲೆಯ ಲೆಕ್ಕದಲ್ಲಿ ಅವಳು ನನಗಿಂತ ದೊಡ್ಡವಳು, ಹಾಗೆಯೇ ನಡೆದುಕೊಳ್ಳುತ್ತಾಳೆ ಕೂಡ. ಆದರೂ ಕಂಪ್ಯೂಟರಿನ ಹೊಟ್ಟೆಯಲ್ಲಿ ಕರ್ನಲ್ ಎಂಬುದೊಂದು ಇರುತ್ತದೆ, ನೆನಪಿನ ಚಿಪ್ಪು ಎಷ್ಟು ಸವೆದಿದೆ ಎಂದು ಅದನ್ನು ಕೇಳಬಹುದು, ಕೇಳಿದರೆ ಅದು ಮುಚ್ಚುಮರೆ ಇಲ್ಲದೆ ಹೇಳುತ್ತದೆ ಎಂಬುದು ಈ ಊರಿನಲ್ಲಿ ಗೊತ್ತಿರುವುದು ನನ್ನ ಸೊಸೆಗೆ ಮತ್ತು ನನಗೆ. ಸೊಸೆಗೆ ಗೊತ್ತಿರುವುದು ಕೆಲಸಕ್ಕೆ ಬರುತ್ತದೆ. ನನಗೆ ಗೊತ್ತಿರುವುದು ಹೀಗೆ ಬರೆಯಲು ಬರುತ್ತದೆ, ಅಷ್ಟೇ.

ಸೊಸೆ ಸುಮಾ ಶಿಕಾರಿಪುರದ ಕಡೆಯವಳು, ತವರು ಅಂಜನಾಪುರ. ಹೆಣ್ಣು ನೋಡಲು ಹೋದಾಗ ನಾವು ಎಲ್ಲರೂ ಕೇಳುವುದನ್ನೇ ಕೇಳಿದೆವು. ಹೆಸರೇನು, ಎಷ್ಟು ಓದಿದ್ದೀಯ, ಅಡಿಗೆ ಬರುತ್ತದೆಯೇ. ಹೇಳಿ ಮುಗಿಸಿದ ಮೇಲೆ ಅವಳು ತಲೆ ಎತ್ತಿ, "ನಿಮ್ಮ ಮನ್ಯಾಗ ಅರ್ಥಿಂಗ್ ಸರಿ ಐತೇನ್ರಿ?" ಎಂದು ಕೇಳಿದಳು. ನನ್ನ ಮಗ ಅಲ್ಲಿಯೇ ಒಪ್ಪಿಬಿಟ್ಟ. ಐಟಿಐ ಮಾಡಿದ ಹುಡುಗಿ. ಈಗ ಆನವಟ್ಟಿಯಲ್ಲಿ ಒಂದು ಸಣ್ಣ ಮಳಿಗೆ ಹಿಡಿದು ಮಿಕ್ಸಿ, ಡಿಶ್ ಪೆಟ್ಟಿಗೆ, ಇಂಟರ್‌ನೆಟ್ ಪೆಟ್ಟಿಗೆ ರಿಪೇರಿ ಮಾಡುತ್ತಾಳೆ. ಯಾರೋ ಬೇಡವೆಂದು ಬಿಟ್ಟುಹೋದ ಒಂದು ಇಂಟರ್‌ನೆಟ್ ಪೆಟ್ಟಿಗೆಯ ಒಳಗಿನ ಸರ್ಕ್ಯೂಟ್ ಹಲಗೆಯನ್ನು ತಂದು, ಅದಕ್ಕೊಂದು ಥರ್ಮೋಕೋಲಿನ ಡಬ್ಬಿ, ಒಂದು ಬಲ್ಬು, ಒಂದು ಪುಟ್ಟ ಫ್ಯಾನು, ಶಾಖ ಅಳೆಯುವ ಒಂದು ತಂತಿ ಸೇರಿಸಿ, ಮೊಟ್ಟೆಗೆ ಕಾವು ಕೊಡುವ ಯಂತ್ರ ಮಾಡಿದಳು. ಶಾಖ ಇಳಿದರೆ ಬಲ್ಬು ತಾನೇ ಹತ್ತಬೇಕು, ಏರಿದರೆ ತಾನೇ ಆರಬೇಕು. ಎಷ್ಟು ಡಿಗ್ರಿ ಇದೆ ಎಂದು ಫೋನಿನಲ್ಲಿ ಕಾಣಬೇಕು.

"ಊರಲ್ಲಿ ಕೋಳಿಗಳೆಲ್ಲ ಸತ್ತಿವೆಯೇನೇ, ಬಲ್ಬಿನ ಹತ್ರ ಬಾಣಂತನ ಮಾಡಿಸೋಕೆ?" ಎಂದು ನಾನು ಕೇಳಿದ್ದೆ.

ಅಂಥ ಮಾತನ್ನು ಆಡಬಾರದು. ಆ ವರ್ಷ ಬೇಸಿಗೆಯಲ್ಲಿ ಕೊಕ್ಕರೆ ರೋಗ ಬಂದು ಊರಿನ ಕೋಳಿಗಳು ಸಾಲು ಸಾಲಾಗಿ ಹೋದವು.

ಎರಡು ಮನೆ ಆಚೆ ಇರುವ ಗೌರಿಯ ಹಟ್ಟಿಯಲ್ಲಿ ಒಂದೇ ಒಂದು ಹೇಂಟೆ ಉಳಿಯಿತು. ಕರೀ ಹೇಂಟೆ. ಗೌರಿ ಈ ಊರಿಗೆ ಮದುವೆಯಾಗಿ ಬಂದಾಗ ತವರಿನಿಂದ ತಂದ ಕೋಳಿಯ ಸಂತಾನ ಅದು. ತಾಯಿ, ಮಗಳು, ಮೊಮ್ಮಗಳು ಎಂದು ಆ ಕೋಳಿಯ ವಂಶವನ್ನು ಅವಳು ತನ್ನ ಗಂಡನ ಕಡೆಯ ವಂಶಕ್ಕಿಂತ ಚೆನ್ನಾಗಿ ಹೇಳುತ್ತಾಳೆ. ಉಳಿದ ಆ ಹೇಂಟೆಯನ್ನು ಬುಟ್ಟಿಯಲ್ಲಿ ಹೊಟ್ಟು ಹರಡಿ, ಮೂಲೆಯಲ್ಲಿ ಒಂದು ತುಂಡು ಕಬ್ಬಿಣ, ಒಂದು ತುಂಡು ಇದ್ದಿಲು ಇಟ್ಟು, ಕಾವಿಗೆ ಕೂರಿಸಿದ್ದಳು. ಕಬ್ಬಿಣ, ಇದ್ದಿಲು ಗುಡುಗಿಗೆ. ಗುಡುಗಿದರೆ ಮೊಟ್ಟೆ ಕೆಡುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಆದರೆ ಗುಡುಗಿಗೆ ಮೊದಲು ಮುಂಗುಸಿ ಬಂತು. ಅದಕ್ಕೆ ಕಬ್ಬಿಣದ ಭಯವಿಲ್ಲ. ನಡುಮಧ್ಯಾಹ್ನ ಹೇಂಟೆಯನ್ನು ಕತ್ತು ಹಿಡಿದು ಎಳೆದುಕೊಂಡು ಹೋಯಿತು.

ಗೌರಿ ಮೊಟ್ಟೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಮನೆಗೆ ಓಡಿ ಬಂದಳು. ಅರ್ಧ ಕಾವು ಮುಗಿದ ಮೊಟ್ಟೆ. ದೀಪಕ್ಕೆ ಹಿಡಿದರೆ ಒಳಗೆ ಕೆಂಪು ನರ ಕಾಣುವ ಹೊತ್ತು. ಊರಿನಲ್ಲಿ ಕಾವಿಗೆ ಕೂತ ಬೇರೆ ಕೋಳಿ ಇರಲಿಲ್ಲ. ಈ ಮೊಟ್ಟೆಗಳು ಮರಿಯಾದರೆ ಅವಳ ಕೋಳಿಯ ಸಂತಾನ ಉಳಿಯಿತು, ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಗೌರಿ ಅಳುವವಳಲ್ಲ. ಅಂಗಳದಲ್ಲಿ ನಿಂತು, "ಸಾವಿತ್ರಕ್ಕ, ನಿನ್ನ ಸೊಸೆ ಬಲ್ಬು ಎಲ್ಲಿದೆ?" ಎಂದಳು.

ಅಂದಿನಿಂದ ಥರ್ಮೋಕೋಲಿನ ಡಬ್ಬಿ ನಮ್ಮ ಮನೆಯ ದೇವರಾಯಿತು. ಗೌರಿ ಬೆಳಿಗ್ಗೆ ಬರುತ್ತಾಳೆ, ಮಧ್ಯಾಹ್ನ ಬರುತ್ತಾಳೆ, ದನ ಹೊಡೆದುಕೊಂಡು ಬರುವಾಗ ಒಮ್ಮೆ ಇಣುಕುತ್ತಾಳೆ. ಮುಚ್ಚಳ ತೆಗೆಯಬಾರದು, ಶಾಖ ಹೋಗುತ್ತದೆ ಎಂದು ಸುಮಾ ಕಟ್ಟಪ್ಪಣೆ ಮಾಡಿದ್ದರಿಂದ ಫೋನನ್ನೇ ನೋಡುತ್ತಾ ಕೂರುತ್ತಾಳೆ. ಆಗ ಯಂತ್ರ ಒಂದೊಂದು ಗಳಿಗೆಗೆ ಒಮ್ಮೆ ಶಾಖವನ್ನು ಅಳೆದು ಬರೆದಿಡುತ್ತಿತ್ತು. ಗೌರಿಗೆ ಅದು ಸಾಲದು.

"ನಡುವೆ ಎಂತಾಗ್ತಾ ಇರ್ತದೋ ಯಾರಿಗ್ ಗೊತ್ತು ಮಾರಾಯ್ತಿ? ಬಿಡದಂಗೆ ಬರೆಯೋ ಹಾಂಗೆ ಮಾಡು" ಎಂದು ಸುಮಾಳ ಬೆನ್ನು ಹತ್ತಿದಳು. ಸುಮಾ ಎರಡು ದಿನ ತಡೆದಳು. ಮೂರನೆಯ ದಿನ ಕೈ ಮುಗಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಸಲ ಬರೆಯುವ ಹಾಗೆ ಮಾಡಿಕೊಟ್ಟಳು. ಫೋನಿನಲ್ಲಿ ಅಂಕಿ ಕುಣಿಯತೊಡಗಿತು. ಗೌರಿಗೆ ನೆಮ್ಮದಿಯಾಯಿತು.

ಇನ್ನೊಬ್ಬರನ್ನು ನೋಡುವ ರೀತಿಯಲ್ಲೂ ಎರಡು ಜಾತಿ ಇದೆ. ಒಮ್ಮೆ ಗುಡವಿಗೆ ಹೋಗಿದ್ದೆ, ಕೆರೆಯ ಪಕ್ಕದ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟಿ ಕೂತಿದ್ದವು. ಯಾರೋ ಒಬ್ಬರು ದುರ್ಬೀನು ಹಿಡಿದು ಗಂಟೆಗಟ್ಟಲೆ ನೋಡುತ್ತಿದ್ದರು. ಅವರು ನೋಡಿದ್ದರಿಂದ ಹಕ್ಕಿಗೆ ಏನೂ ಆಗಲಿಲ್ಲ, ಅವರ ಕತ್ತು ಮಾತ್ರ ನೋಯಿತು. ಅದೇ ಮರ ಹತ್ತಿ ಗೂಡಿನೊಳಗೆ ಕೈ ಹಾಕಿ ನೋಡಿದ್ದರೆ ಹಕ್ಕಿ ಗೂಡು ಬಿಟ್ಟು ಹೋಗುತ್ತಿತ್ತು. ಗೌರಿ ತಾನು ದುರ್ಬೀನು ಹಿಡಿದಿದ್ದೇನೆ ಎಂದುಕೊಂಡಿದ್ದಳು. ಕೈ ಹಾಕಿದ್ದಳು.

ಅದು ಗೊತ್ತಾದದ್ದು ಒಂದು ಬೆಳಿಗ್ಗೆ. ಸುಮಾ ಮಳಿಗೆಗೆ ಹೋಗಿಯಾಗಿತ್ತು. ಗೌರಿ ಫೋನು ಹಿಡಿದು ಮುಖ ಅರಳಿಸಿಕೊಂಡು ಕೂತಿದ್ದಳು.

"ನೋಡು ಅಕ್ಕ, ಎಷ್ಟು ಚಂದ ಹಿಡ್ಕೊಂಡಿದೆ! ನಾ ಬಂದಾಗ ಮೂವತ್ತೇಳೂವರೆ ಇತ್ತು, ಈಗ್ಲೂ ಮೂವತ್ತೇಳೂವರೆ. ಒಂಚೂರು ಅಲ್ಲಾಡಿಲ್ಲ."

ನಾನು ಅಕ್ಕಿ ಆರಿಸುತ್ತಿದ್ದೆ. ಆ ಮಾತು ನನಗೆ ಯಾಕೋ ಹಿಡಿಸಲಿಲ್ಲ. ಅಲ್ಲಾಡದೆ ಇರುವುದು ಜೀವಂತ ಇರುವುದರ ಲಕ್ಷಣವಲ್ಲ. ಒಲೆಯ ಮೇಲಿನ ಹಾಲು ಒಂದು ಹಂತದಲ್ಲಿ ನಿಲ್ಲುವುದಿಲ್ಲ, ಮಲಗಿದ ಮಗುವಿನ ಹೊಟ್ಟೆ ನಿಲ್ಲುವುದಿಲ್ಲ. ನಾನು ಎದ್ದು ಹೋಗಿ, ಸೊಸೆಯ ಕಟ್ಟಪ್ಪಣೆಯನ್ನು ಪಕ್ಕಕ್ಕಿಟ್ಟು, ಮುಚ್ಚಳ ತೆಗೆದು, ಒಂದು ಮೊಟ್ಟೆ ಎತ್ತಿ ಕಣ್ಣು ಮುಚ್ಚಿ ರೆಪ್ಪೆಗೆ ಒತ್ತಿದೆ. ಅಂಗೈ ಸುಳ್ಳು ಹೇಳಬಹುದು, ದಪ್ಪ ಚರ್ಮ. ಕಣ್ಣಿನ ರೆಪ್ಪೆ ಸುಳ್ಳು ಹೇಳುವುದಿಲ್ಲ. ಮೊಟ್ಟೆ ತಣ್ಣಗಿತ್ತು. ಪೂರ್ತಿ ತಣ್ಣಗಲ್ಲ, ಕುಡಿಯಲು ಮರೆತ ಕಾಫಿಯ ಹಾಗೆ. ಬಲ್ಬು ಆರಿ ಎಷ್ಟು ಹೊತ್ತಾಗಿತ್ತೋ.

"ಗೌರಿ, ಫೋನು ಕೆಳಗಿಡು. ಬಚ್ಚಲಿಂದ ಬಿಸಿನೀರು ತಗೊಂಬಾ" ಎಂದೆ. ಅವಳ ಮುಖ ನೋಡಲು ಹೋಗಲಿಲ್ಲ.

ಕಾವಿಗೆ ಕೂತ ಕೋಳಿಯೂ ದಿನಕ್ಕೊಮ್ಮೆ ಎದ್ದು ಹೋಗಿ ಕಾಳು ತಿಂದು, ಮಣ್ಣಿನಲ್ಲಿ ಹೊರಳಾಡಿ ಬರುತ್ತದೆ. ಅಷ್ಟು ಹೊತ್ತು ಮೊಟ್ಟೆ ತಡೆಯುತ್ತದೆ. ಈ ಮಾತನ್ನು ಗೌರಿಗೂ ಹೇಳಿದೆ, ನನಗೂ ಹೇಳಿಕೊಂಡೆ. ಚೊಂಬಿನಲ್ಲಿ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಡಬ್ಬಿಯೊಳಗೆ ಇಟ್ಟೆವು. ಫೋನ್ ಮಾಡಿದ ಮೇಲೆ ಸುಮಾ ಸ್ಕೂಟಿಯಲ್ಲಿ ಬಂದಳು. ಬಂದವಳೇ ಬಲ್ಬನ್ನು ಯಂತ್ರದಿಂದ ಬಿಡಿಸಿ ನೇರ ಪ್ಲಗ್ಗಿಗೆ ಹಾಕಿದಳು. ಆಮೇಲೆ ತನ್ನ ಲ್ಯಾಪ್‌ಟಾಪು ತೆರೆದು ಹಲಗೆಯ ಜೊತೆ ಮಾತಿಗೆ ಕೂತಳು.

ನನ್ನ ಕುತೂಹಲ ಶುರುವಾದದ್ದು ಇಲ್ಲಿ. ನಾನು ಎಣಿಸಿದ್ದು, ಈಗ ಇವಳು ಸ್ಕ್ರೂ ಬಿಚ್ಚುತ್ತಾಳೆ, ಒಳಗೆ ಕರಕಲು ವಾಸನೆ ಹಿಡಿಯುತ್ತಾಳೆ ಎಂದು. ಅವಳು ಏನನ್ನೂ ಬಿಚ್ಚಲಿಲ್ಲ. ಒಂದು ಸಾಲು ಬರೆದಳು, ಕೆಳಗೆ ನಾಲ್ಕಾರು ಸಾಲು ಉತ್ತರ ಬಂತು.

"ಯಾರೇ ಅದು ಉತ್ತರ ಕೊಡೋದು?"

"ಕರ್ನಲ್ರಿ ಅತ್ತೆ. ಈ ಹಲಗಿ ಒಳಗಿನ ಯಜಮಾನಿ ಅಂತ ತಿಳ್ಕಳ್ರಿ. ಯಾವ ಪ್ರೋಗ್ರಾಮೂ ತಾನ ಹೋಗಿ ಚಿಪ್ಪು ಮುಟ್ಟಂಗಿಲ್ಲ, ಇಕಿನ್ನ ಕೇಳಬೇಕು. ಬರೀಬೇಕಂದ್ರೂ ಇಕಿನ್ನ, ಓದಬೇಕಂದ್ರೂ ಇಕಿನ್ನ."

ಕಣಜದ ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಂಡ ಅತ್ತೆ ಎಂದು ನಾನು ಅರ್ಥಮಾಡಿಕೊಂಡೆ. ಸುಮಾ ಅದನ್ನೇ ಹೇಳಬೇಕೆಂದಿದ್ದಳೋ, ಮರ್ಯಾದೆಗೆ ಬಿಟ್ಟಳೋ. ಆದರೆ ಈ ಅತ್ತೆಗೆ ಒಂದು ಒಳ್ಳೆಯ ಗುಣವಿದೆ. ಕಣಜದ ಬೀಗ ತೆಗೆಯದೆ, ಒಳಗೆ ಏನಿದೆ ಎಷ್ಟಿದೆ ಎಂಬುದನ್ನು ಹೊರಗಿನ ಸಣ್ಣ ಸಣ್ಣ ಕಿಂಡಿಗಳಲ್ಲಿ ತೋರಿಸುತ್ತಾಳೆ. ಒಂದು ಕಿಂಡಿಯಲ್ಲಿ ಒಂದೇ ಉತ್ತರ. ಚಿಪ್ಪು ಎಷ್ಟು ದೊಡ್ಡದು, ಒಂದು ಕಿಂಡಿ. ಒಂದು ಸಲಕ್ಕೆ ಎಷ್ಟು ಅಳಿಸಬೇಕು, ಇನ್ನೊಂದು. ಎಷ್ಟು ಜಾಗ ಕೆಟ್ಟಿದೆ, ಮತ್ತೊಂದು. ಈ ಉತ್ತರಗಳು ಮೊದಲೇ ಎಲ್ಲೂ ಬರೆದಿಟ್ಟಿರುವುದಿಲ್ಲವಂತೆ. ನಾವು ಕಿಂಡಿಗೆ ಮುಖ ಇಟ್ಟ ಕ್ಷಣ ಯಜಮಾನಿ ಒಳಗೆ ಎಣಿಸಿಕೊಂಡದ್ದನ್ನು ಹೇಳುತ್ತಾಳೆ, ನಾವು ಹೋದ ಮೇಲೆ ಅಲ್ಲಿ ಏನೂ ಇರುವುದಿಲ್ಲ. ಹೊರಗಿನಿಂದ ಕಿಂಡಿಯ ಅಳತೆ ಕೇಳಿದರೆ ಎಲ್ಲಕ್ಕೂ ಒಂದೇ ಅಳತೆ ತೋರಿಸುತ್ತದೆ, ಒಳಗೆ ಒಂದೇ ಅಂಕಿ ಇದ್ದರೂ ಸರಿ. ಮದುವೆ ಮನೆಯಲ್ಲಿ ಎಲ್ಲರಿಗೂ ಒಂದೇ ಗಾತ್ರದ ಎಲೆ ಹಾಕುವುದಿಲ್ಲವೇ, ಹಾಗೆ.

ಯಜಮಾನಿಗೆ ಚಿಪ್ಪಿನ ವಿಷಯ ಹೇಗೆ ಗೊತ್ತು ಎಂದೂ ಕೇಳಿದೆ. ಬಿಡುವವಳೇ ನಾನು? ಹಲಗೆಗೆ ಕರೆಂಟು ಬಂದ ಕೂಡಲೇ ಕರ್ನಲ್ಲು ಚಿಪ್ಪನ್ನು ಎದುರಿಗೆ ಕೂರಿಸಿಕೊಂಡು, ನಿನ್ನ ಮನೆತನ ಯಾವುದು, ಗಾತ್ರ ಎಷ್ಟು ಎಂದು ಕೇಳುತ್ತದಂತೆ. ಚಿಪ್ಪು ಹೇಳುತ್ತದೆ. ನಾವು ಅಂಜನಾಪುರದಲ್ಲಿ ಕೇಳಿದ ಹಾಗೆಯೇ. ಇನ್ನೂ ಒಂದು ಸಂಗತಿ ಕೇಳಿ ನಾನು ಅಕ್ಕಿಯ ಮೊರವನ್ನೇ ಕೆಳಗಿಟ್ಟೆ. ಹೊಸ ಚಿಪ್ಪಿನಲ್ಲೂ ಕೆಲವು ಜಾಗ ಹುಟ್ಟುವಾಗಲೇ ಕೆಟ್ಟಿರುತ್ತವಂತೆ, ಮಾಡಿದವರೇ ಅವಕ್ಕೆ ಗುರುತು ಹಾಕಿ ಮಾರುತ್ತಾರಂತೆ! ಆನವಟ್ಟಿ ಸಂತೆಯಲ್ಲಿ ಹುಳುಕು ಬದನೆಕಾಯಿಗೆ ತಾನೇ ಗುರುತು ಹಾಕಿ ಮಾರಿದವರನ್ನು ನಾನು ಈ ವಯಸ್ಸಿನವರೆಗೆ ಕಂಡಿಲ್ಲ. ಹುಳುಕನ್ನು ತಳಕ್ಕೆ ಹಾಕಿ ಮುಚ್ಚಿಕೊಟ್ಟವರನ್ನು ಬೇಕಾದಷ್ಟು ಕಂಡಿದ್ದೇನೆ.

ಅಳಿಸುವ ಅಳತೆಯ ಕಿಂಡಿ ತೆರೆದಾಗ ಪರದೆಯ ಮೇಲೆ ಎರಡರ ಮುಂದೆ ನಾಲ್ಕು ಸೊನ್ನೆ ಇತ್ತು. "ಇಪ್ಪತ್ತು ಸಾವಿರ" ಎಂದು ಓದಿದೆ, ಜಂಬದಿಂದ.

"ಅಲ್ರಿ ಅತ್ತೆ. ಇದು ಹದಿನಾರರ ಲೆಕ್ಕ. ಒಂದು ಲಕ್ಷದ ಮೇಲೆ ಆಗ್ತೈತಿ."

ಗೌರಿ, "ಹದಿನಾರರಲ್ಲಿ ಯಾರು ಎಣಿಸ್ತಾರೆ? ಹುಚ್ಚರು" ಎಂದಳು. ನಾನು ಮಾತ್ರ ಕರ್ನಲ್ಲಿನ ಪಕ್ಷ ವಹಿಸಿದೆ. ನಮ್ಮ ಪಹಣಿಯಲ್ಲಿ ಇವತ್ತಿಗೂ ಗುಂಟೆಗೆ ಹದಿನಾರು ಆಣೆ. ಗೌರಿಯ ಮೈದುನ ಬೇಲಿ ಒತ್ತಿದಾಗ ಅವಳು ಆಣೆ ಲೆಕ್ಕದಲ್ಲಿಯೇ ಜಗಳ ಆಡಿದವಳು. ಹುಚ್ಚರ ಲೆಕ್ಕವಾಗಿದ್ದರೆ ಅವಳಿಗೆ ಆ ಬೇಲಿ ವಾಪಸು ಸಿಗುತ್ತಿರಲಿಲ್ಲ.

ಆ ಒಂದು ಲಕ್ಷ ಚಿಲ್ಲರೆ ಅಕ್ಷರ ಎಂದರೆ ಅಳಿಸುವ ಒಂದು ತಾಕು. ಚಿಪ್ಪಿನ ಮೇಲೆ ಬರೆಯುವಾಗ ಸಣ್ಣ ಸಣ್ಣದಾಗಿ ಬರೆಯಬಹುದು, ಅಳಿಸುವಾಗ ಮಾತ್ರ ಇಡೀ ತಾಕನ್ನೇ ಅಳಿಸಬೇಕು. ಗದ್ದೆಯೂ ಹಾಗೆಯೇ ತಾನೇ? ಸಸಿಯನ್ನು ಒಂದೊಂದಾಗಿ ನೆಡಬಹುದು, ಒಂದು ಸಸಿಗೆಂದು ಕೆಸರು ಹೊಡೆಯಲು ಬರುವುದಿಲ್ಲ. ನೀರು ಕಟ್ಟಿ, ತಾಕು ಪೂರ್ತಿ ಉತ್ತು, ಮತ್ತೆ ಮೊದಲಿಂದ. ಒಂದೊಂದು ಸಲ ಅಳಿಸಿದಾಗಲೂ ಆ ತಾಕು ಒಂಚೂರು ಸವೆಯುತ್ತದೆ. ಸವೆದು ಸವೆದು ಒಂದು ದಿನ ಬರೆದದ್ದು ನಿಲ್ಲುವುದಿಲ್ಲ. ಆಗ ಕರ್ನಲ್ಲು ಅದನ್ನು ಖರಾಬು ಎಂದು ಗುರುತು ಹಾಕಿ, ಇನ್ನು ಮುಂದೆ ಅಲ್ಲಿ ಕಾಲಿಡುವುದಿಲ್ಲ. ಖರಾಬು ಎಂಬುದು ಸುಮಾಳ ಮಾತಲ್ಲ, ನನ್ನದು. ನಮ್ಮ ಸರ್ವೆ ನಂಬರಿನಲ್ಲೂ ಬಂಡೆ ಇರುವಷ್ಟು ಜಾಗವನ್ನು ಖರಾಬು ಎಂದು ಕಳೆದೇ ಜಮೀನಿನ ಅಳತೆ ಹೇಳುವುದು.

ಖರಾಬಾದದ್ದಕ್ಕೆ ಬದಲು ಕೊಡಲೆಂದು ಯಜಮಾನಿ ಮೊದಲೇ ಒಂದಿಷ್ಟು ತಾಕು ಮೀಸಲಿಟ್ಟಿರುತ್ತಾಳೆ. ನಾಟಿ ಮುಗಿದ ಮೇಲೆ ಗದ್ದೆಯ ಮೂಲೆಯಲ್ಲಿ ಒಂದು ಹಿಡಿ ಸಸಿ ಉಳಿಸುತ್ತೇವಲ್ಲ, ಸತ್ತ ಕಡೆ ತುಂಬಲು, ಆ ಲೆಕ್ಕ. ಸುಮಾ ಆ ಮೀಸಲಿನ ಕಿಂಡಿಯನ್ನು ತೆರೆದಳು. ಅಲ್ಲಿ ಒಂದು ಸೊನ್ನೆ ಇತ್ತು. ಬೇರೆ ಏನೂ ಇಲ್ಲ. ಆ ಸೊನ್ನೆ ಹದಿನಾರರ ಲೆಕ್ಕದಲ್ಲೂ ಸೊನ್ನೆಯೇ ಎಂದು ನಾನು ಯಾರನ್ನೂ ಕೇಳದೆ ತಿಳಿದುಕೊಂಡೆ.

ನಡೆದದ್ದು ಇಷ್ಟು. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಸಲ ಬರೆದು, ಅಳಿಸಿ, ಬರೆದು, ಮೊದಲೇ ಹಳೆಯದಾಗಿದ್ದ ಚಿಪ್ಪು ತಾಕು ತಾಕಾಗಿ ಸೋತಿತು. ಮೀಸಲು ಮುಗಿಯಿತು. ಮುಗಿದ ಮೇಲೆ ಕರ್ನಲ್ಲು, ಇನ್ನು ಓದುವವರು ಓದಿಕೊಳ್ಳಿ, ಬರೆಯಲು ಬಿಡುವುದಿಲ್ಲ ಎಂದು ಬಾಗಿಲು ಹಾಕಿತು. ಇದ್ದದ್ದಾದರೂ ಉಳಿಯಲಿ ಎಂದು. ಸುಮಾಳ ಪ್ರೋಗ್ರಾಮು ಬರೆಯಲು ಹೋಯಿತು, ಆಗಲಿಲ್ಲ, ಅಲ್ಲಿಯೇ ಮುನಿಸಿಕೊಂಡು ನಿಂತಿತು. ಬಲ್ಬು ಆರಿದ್ದು ಆರಿಯೇ ಉಳಿಯಿತು. ಫೋನಿನಲ್ಲಿ ಕಡೆಯ ಸಲ ಬರೆದ ಮೂವತ್ತೇಳೂವರೆ ಹಾಗೆಯೇ ಕೂತಿತ್ತು.

"ಹಂಗಾದ್ರೆ ಇದು ಮೊನ್ನೆಯಿಂದ್ಲೇ ಹೇಳ್ತಾ ಇತ್ತನೇ, ಮೀಸಲು ಮುಗೀತಾ ಇದೆ ಅಂತ?" ಎಂದೆ.

"ಹೇಳಕ ರೆಡಿ ಇತ್ತುರಿ. ನಾ ಕೇಳಲಿಲ್ಲ" ಎಂದಳು ಸುಮಾ. ಆ ಹುಡುಗಿಯಲ್ಲಿ ನನಗೆ ಹಿಡಿಸುವುದು ಇದೇ. ಸುತ್ತಿ ಬಳಸಿ ಮಾತಾಡುವುದಿಲ್ಲ. ಗೌರಿ ಮಾತ್ರ ತಲೆ ತಗ್ಗಿಸಿ, ಬಿಡದೆ ಬರೆಯಲು ಹೇಳಿದ್ದು ತಾನೇ ಎಂದು ಗೊಣಗಿದಳು. ಅವಳಿಗೆ ಸಮಾಧಾನ ಹೇಳುವ ಅಭ್ಯಾಸ ನನಗಿಲ್ಲ. "ಹೌದು, ನೀನೇ ಹೇಳಿದ್ದು. ಈಗ ಮುಂದಿಂದು ನೋಡು" ಎಂದೆ.

ಮುಂದಿನದೇ ಕಷ್ಟದ್ದು. ಗೌರಿ, "ಒಂದ್ಸಲ ಆಫ್ ಮಾಡಿ ಆನ್ ಮಾಡೇ" ಎಂದಳು. ಟಿವಿಗೆ, ಮೋಟರಿಗೆ, ಎಲ್ಲಕ್ಕೂ ಈ ಊರಿನಲ್ಲಿ ಅದೇ ಔಷಧಿ. ಸುಮಾ ತಲೆ ಅಲ್ಲಾಡಿಸಿದಳು. ಹಲಗೆ ಈಗ ಎಚ್ಚರವಾಗಿದೆ. ಒಮ್ಮೆ ಮಲಗಿಸಿದರೆ ಮತ್ತೆ ಏಳುವಾಗ ಅದೇ ಚಿಪ್ಪಿನಿಂದ ಎಲ್ಲವನ್ನೂ ಓದಿಕೊಂಡು ಏಳಬೇಕು, ಓದಲು ಬರುತ್ತದೆಂಬ ಭರವಸೆ ಇಲ್ಲ. ಅದಕ್ಕೇ ಅವಳು ಪ್ರೋಗ್ರಾಮನ್ನು ಸ್ವಲ್ಪ ತಿದ್ದಿ, ಚಿಪ್ಪಿನ ಗೊಡವೆಗೇ ಹೋಗದ ಹಾಗೆ, ಕರೆಂಟು ಇರುವವರೆಗೆ ಮಾತ್ರ ಇರುವ ಇನ್ನೊಂದು ನೆನಪಿನಲ್ಲಿ ಓಡಿಸಿದಳು. ತಿರುಗಿ ಯಂತ್ರಕ್ಕೆ ಸೇರಿಸಿದ ಬಲ್ಬು ಹತ್ತಿತು, ಆರಿತು, ಮತ್ತೆ ಹತ್ತಿತು. ಆದರೆ ಕರೆಂಟು ಹೋದರೆ ತಿದ್ದಿದ್ದೆಲ್ಲ ಹೋಯಿತು, ಹಲಗೆ ಏಳದಿದ್ದರೆ ಅದೂ ಹೋಯಿತು. ಇನ್ನೊಂದು ಹಲಗೆ ಹುಡುಕಿ ಸಿದ್ಧಮಾಡಲು ಅವಳಿಗೆ ನಾಲ್ಕಾರು ದಿನ ಬೇಕು. ಮೊಟ್ಟೆಗೆ ಉಳಿದದ್ದೂ ಅಷ್ಟೇ ದಿನ.

ಸುಮಾ ಅದನ್ನು ಹೇಳಿ ಮುಗಿಸಿದ್ದು ಊಟದ ಹೊತ್ತಿಗೆ. ನಾಲ್ಕು ಗಂಟೆಗೆ ಪಡುವಣದಲ್ಲಿ ಗುಡುಗಿತು.

ನಮ್ಮ ಕಡೆ ಗುಡುಗು ಕೇಳಿದ ಕೂಡಲೇ ಕೈ ತಾನಾಗಿ ಮೇನ್ ಸ್ವಿಚ್ಚಿಗೆ ಹೋಗುತ್ತದೆ. ಪ್ಲಗ್ಗೆಲ್ಲ ಕೀಳುವುದು, ಕೇಬಲ್ ತೆಗೆಯುವುದು, ಆಮೇಲೆಯೇ ಒಣಗಿದ ಬಟ್ಟೆ ತರಲು ಓಡುವುದು. ಸಿಡಿಲಿಗೆ ಮೂರು ಟಿವಿ ಕಳೆದುಕೊಂಡ ಓಣಿ ಇದು. ನಾನು ಸ್ವಿಚ್ಚಿನ ಹತ್ತಿರ ಹೋದೆ. ಗೌರಿ ಅಡ್ಡ ಬಂದು ನಿಂತಳು.

"ಅಕ್ಕ, ತೆಗೀಬೇಡ."

"ತೆಗೀದೆ ಬಿಟ್ರೆ ಸಿಡಿಲು ಬಂದು ಹಲಗೆ, ಬಲ್ಬು, ಮೊಟ್ಟೆ ಎಲ್ಲಾ ಒಟ್ಟಿಗೇ ಬೇಯ್ತದೆ. ಉಪ್ಪು ಖಾರ ಹಾಕ್ಕೊಂಡು ತಿನ್ನು."

"ತೆಗದ್ರೆ ಇದು ಏಳಲ್ಲ ಅಂತಾಳಲ್ಲ ಇವ್ಳು!"

ಸುಮಾ ನಮ್ಮಿಬ್ಬರನ್ನೂ ಬಿಟ್ಟು ಹಿತ್ತಿಲಿಗೆ ಹೋದಳು. ಬರುವಾಗ ಅವಳ ಕೈಯಲ್ಲಿ ನನ್ನ ಮಗ ಜೋಳಕ್ಕೆ ಔಷಧಿ ಹೊಡೆಯುವ ಪಂಪು ಇತ್ತು. ಅದರ ಹೊಟ್ಟೆಯಲ್ಲಿ ಒಂದು ಬ್ಯಾಟರಿ ಇರುತ್ತದೆ. ಅದನ್ನು ಕಳಚಿ, ಹಲಗೆಯ ಪ್ಲಗ್ಗು ಕೀಳುವ ಮೊದಲೇ ಬ್ಯಾಟರಿಯ ತಂತಿಯನ್ನು ಸೇರಿಸಿ, "ಈಗ ತೆಗೀರಿ ಅತ್ತೆ" ಎಂದಳು. ಮನೆಯೆಲ್ಲ ಕತ್ತಲಾಯಿತು. ಹಲಗೆಯ ಹಸಿರು ದೀಪ ಆರಲಿಲ್ಲ.

ಆದರೆ ಆ ಬ್ಯಾಟರಿ ಹಲಗೆಗೆ ಸಾಕೇ ಹೊರತು ಬಲ್ಬಿಗಲ್ಲ. ಹಾಗಾಗಿ ಆ ಸಂಜೆ ನಡೆದದ್ದನ್ನು ಹೊರಗಿನವರು ನೋಡಿದ್ದರೆ ನಕ್ಕು ಸಾಯುತ್ತಿದ್ದರು. ಹೊರಗೆ ಆಕಾಶ ಹರಿದು ಬೀಳುತ್ತಿದೆ. ಒಳಗೆ ಯಂತ್ರ ಶಾಖ ಎಷ್ಟೆಂದು ಹೇಳುತ್ತದೆ, ಶಾಖ ಕೊಡುವವರು ನಾವು ಮೂವರು ಹೆಂಗಸರು. ಸುಮಾ ಅಂಕಿ ಓದುತ್ತಾಳೆ, ಗೌರಿ ಹಂಡೆಯಿಂದ ಬಿಸಿನೀರಿನ ಚೊಂಬು ತರುತ್ತಾಳೆ, ನಾನು ಡಬ್ಬಿಯ ಪಕ್ಕ ನೆಲದಲ್ಲಿ ಕೂತು ಚೊಂಬು ಬದಲಾಯಿಸುತ್ತೇನೆ.

"ಮೂವತ್ತಾರು ಆತು ನೋಡ್ರಿ."

"ಗೌರಿ, ಬಾರೇ ಬೇಗ! ಹಂಡೆ ಹತ್ರ ಧ್ಯಾನ ಮಾಡ್ತೀಯಾ?"

"ಬಂದೆ ಮಾರಾಯ್ತಿ, ಕೈ ಸುಡ್ತದೆ!"

"ಮೂವತ್ತೆಂಟೂವರೆ! ಜಾಸ್ತಿ ಆತು ಅತ್ತೆ, ಮುಚ್ಚಳ ತಗೀರಿ, ತಗೀರಿ!"

ಯಂತ್ರ ಮನುಷ್ಯರ ಕೆಲಸ ಮಾಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾವು ಅಂದು ಬಲ್ಬಿನ ಕೆಲಸ ಮಾಡಿದೆವು. ಬಲ್ಬಿನ ಕೆಲಸ ಅಷ್ಟು ಸುಲಭವಲ್ಲ ಎಂದು ನನಗೆ ತಿಳಿಯಿತು. ನಡುನಡುವೆ ನಾನು ಸುಮಾಳನ್ನು, ಖರಾಬಿನ ಕಿಂಡಿ ನೋಡು, ಹೆಚ್ಚಾಯಿತೇ ಎಂದು ಕೇಳುತ್ತಿದ್ದೆ. ಅವಳು ನೋಡಿ, ಅಷ್ಟೇ ಇದೆ ಎನ್ನುತ್ತಿದ್ದಳು. ಕೇಳಿದರೆ ಸವೆಯುವುದಿಲ್ಲವೇ ಎಂದು ಗೌರಿ ಹೆದರಿದಳು. ಇಲ್ಲ, ಬರೆದರೆ ಸವೆಯುತ್ತದೆ, ಕೇಳಿದರೆ ಸವೆಯುವುದಿಲ್ಲ. ಅದು ಅವಳಿಗೆ ಅರ್ಥವಾಗಲು ಆ ಗುಡುಗು ಮುಗಿಯುವಷ್ಟು ಹೊತ್ತು ಬೇಕಾಯಿತು. ನನಗೂ ಅಷ್ಟೇ, ನಾನು ತೋರಿಸಿಕೊಳ್ಳಲಿಲ್ಲ.

ಮಳೆ ನಿಂತ ಮೇಲೆ ಮೇನ್ ಹಾಕಿದೆವು. ಹಲಗೆ ಎಚ್ಚರವಾಗಿಯೇ ಇತ್ತು. ಅಂದಿನಿಂದ ಸುಮಾ ಮಳಿಗೆಗೆ ಅರ್ಧ ದಿನ ಮಾತ್ರ ಹೋದಳು, ಬ್ಯಾಟರಿ ಹಲಗೆಯ ಪಕ್ಕದಲ್ಲಿಯೇ ಉಳಿಯಿತು, ನನ್ನ ಮಗನ ಜೋಳಕ್ಕೆ ಹುಳು ಸ್ವಲ್ಪ ಜಾಸ್ತಿ ಬಿತ್ತು. ಅವನಿಗೆ ಇಂಥದೆಲ್ಲ ಅಭ್ಯಾಸವಿದೆ.

ಒಂದು ಮುಂಜಾನೆ ಡಬ್ಬಿಯೊಳಗಿಂದ ಚೀಂ ಎಂಬ ಸದ್ದು ಬಂತು. ಗೌರಿಗೆ ಹೇಳಿ ಕಳಿಸಬೇಕಾಗಲಿಲ್ಲ, ಅವಳು ಅಂಗಳದಲ್ಲಿಯೇ ಇದ್ದಳು. ಮಧ್ಯಾಹ್ನದ ಹೊತ್ತಿಗೆ ಒಂದೊಂದೇ ಚಿಪ್ಪು ಒಡೆದು, ಮರಿಗಳು ಒದ್ದೆ ಚಿಂದಿಯಾಗಿ ಹೊರಬಂದವು. ಒಂದು ಮೊಟ್ಟೆ ಅರ್ಧ ಒಡೆದು ನಿಂತಿತ್ತು, ಸುಮಾ ಉಗುರಿನಿಂದ ಬಿಡಿಸಲು ಹೋದಳು. ಗೌರಿ ಅವಳ ಕೈಗೆ ಫಟ್ಟೆಂದು ಹೊಡೆದಳು. "ಅದ್ರ ಕೆಲ್ಸ ಅದು ಮಾಡ್ಲಿ ಬಿಡೇ." ಅದು ಸಂಜೆಯ ಹೊತ್ತಿಗೆ ತನ್ನ ಕೆಲಸ ಮಾಡಿ ಮುಗಿಸಿತು. ಮೂರು ಮೊಟ್ಟೆ ಒಡೆಯಲಿಲ್ಲ. ಗೌರಿ ಅವನ್ನು ಕಿವಿಗೆ ಹಿಡಿದು ಕೇಳಿದಳು, ದೀಪಕ್ಕೆ ಹಿಡಿದು ನೋಡಿದಳು, ಹೀರೆಬಳ್ಳಿಯ ಬುಡಕ್ಕೆ ಹಾಕಿ ಮಣ್ಣು ಎಳೆದು ಕೈ ತೊಳೆದಳು. ತಣ್ಣಗಾದ ಆ ಬೆಳಿಗ್ಗೆಯಿಂದ ಸತ್ತವೋ, ಮೊದಲೇ ಸತ್ತಿದ್ದವೋ, ಯಾರೂ ಕೇಳಲಿಲ್ಲ. ಉಳಿದವುಗಳಲ್ಲಿ ಹೇಂಟೆಗಳೂ ಇದ್ದಾವು, ಸಾಕು. ಮರಿ ಒಣಗಿ ಉಂಡೆಯಾದ ಮೇಲೆ ಎಲ್ಲವನ್ನೂ ಬುಟ್ಟಿಗೆ ತುಂಬಿಕೊಂಡು, "ಇನ್ನು ಇದ್ರ ಪ್ಲಗ್ಗು ತೆಗೀಬಹುದಲ್ಲ" ಎಂದು ಎಲ್ಲರೂ ಹಿಂದೆಮುಂದೆ ನೋಡುತ್ತಿದ್ದ ಕೆಲಸವನ್ನು ತಾನೇ ಮಾಡಿ ಮನೆಗೆ ಹೋದಳು.

ಹಸಿರು ದೀಪ ಆರಿತು. ಸುಮಾ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ ನೋಡಿದಳು. ದೀಪ ಒಮ್ಮೆ ಮಿಣುಕಿತು, ಅಷ್ಟೇ. ಏಳಲಿಲ್ಲ. ಅವಳು ಬೇಸರ ಮಾಡಿಕೊಳ್ಳಲಿಲ್ಲ, ಕೆಲಸಕ್ಕೆ ಬರುವ ಬಿಡಿಭಾಗ ಕಳಚಲು ಸ್ಕ್ರೂಡ್ರೈವರ್ ತಂದಳು. ಏಳುವುದಿಲ್ಲ ಎಂದು ಹಲಗೆ ಮೊದಲೇ ಹೇಳಿತ್ತಲ್ಲ. ಹೇಳಿ ಸತ್ತವರ ಮೇಲೆ ಸಿಟ್ಟು ಬರುವುದಿಲ್ಲ.

ನಾನು ಡಬ್ಬಿಯ ಪಕ್ಕ ನೆಲದಲ್ಲಿಯೇ ಕೂತಿದ್ದೆ. ಏಳಬೇಕೆಂದು ಕೈ ಊರಿದೆ, ಆಗಲಿಲ್ಲ. ಗೋಡೆ ಹಿಡಿದೆ, ಅರ್ಧ ಎದ್ದು ಮತ್ತೆ ಕೂತೆ.

"ಮಂಡಿ ಹೆಂಗೈತ್ರಿ ಅತ್ತೆ?" ಎಂದು ಸುಮಾ ಸ್ಕ್ರೂ ತಿರುಗಿಸುತ್ತಲೇ ಕೇಳಿದಳು. ಮದುವೆಯಾಗಿ ಬಂದಾಗಿನಿಂದ ಕೇಳುತ್ತಿದ್ದಾಳೆ. ನಾನು ಪ್ರತಿ ಸಲವೂ, "ನನಗೆಂತಾಗಿದೆ, ಚೆನ್ನಾಗೇ ಇದೆ" ಎನ್ನುತ್ತಾ ಬಂದವಳು. ಊರಿನವರ ತಪ್ಪನ್ನೆಲ್ಲ ಮುಖಕ್ಕೆ ಹೇಳುವ ಬಾಯಿ, ಇದೊಂದನ್ನು ಮಾತ್ರ ಹೇಳುವುದಿಲ್ಲ.

ಎರಡು ಮನೆ ಆಚೆ ಗೌರಿಯ ಹಟ್ಟಿಯಿಂದ ಚೀಂ ಚೀಂ ಕೇಳುತ್ತಿತ್ತು. 

"ಎಡಗಡೇದು ಪೂರ್ತಿ ಹೋಗಿದೆ ಕಣೇ" ಎಂದೆ. "ಬಲಗಡೇದು ಇನ್ನೂ ನಡೀತಾ ಇದೆ. ಎಷ್ಟು ದಿನ ಅಂತ ಗೊತ್ತಿಲ್ಲ. ಕೈ ಕೊಡು."

ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟು ಕೈ ಕೊಟ್ಟಳು.